ಸೊಟ್ಟ ಗೂಟಗಳ ಸಾಲು

"ಹಗ್ಗ ಇನ್ನೂ ಸ್ವಲ್ಪ ಬಿಗಿಯಾಗಿ ಹಿಡಿ ಕಣೇ," ಎಂದಳು ಆದಿಲಕ್ಷ್ಮಿ.

ಹೊಲದ ಆ ತುದಿಯಲ್ಲಿ ಅವಳ ಗೆಳತಿ ಮೆಹರ್ ಬಾನು ಹಗ್ಗ ಜಗ್ಗಿ ಹಿಡಿದಳು. ಆದಿಲಕ್ಷ್ಮಿ ಕೊನೆಯ ಗೂಟವನ್ನು ಕಲ್ಲಿನಿಂದ ಹೊಡೆದು ನೆಟ್ಟಳು. ಗೂಟ ಕಿತ್ತ ಹಳೆಯ ಕುಳಿಗಳನ್ನೆಲ್ಲ ಕಾಲಲ್ಲಿ ಮಣ್ಣೆಳೆದು ಮುಚ್ಚಿಯೂ ಆಗಿತ್ತು. ಈಗ ನೋಡಿ, ಇಪ್ಪತ್ತು ಗೂಟಗಳೂ ಸ್ಕೇಲಿಟ್ಟು ಗೆರೆ ಎಳೆದ ಹಾಗೆ ನಿಂತಿದ್ದವು.

ಬೆಳಿಗ್ಗೆ ಅವು ಹೀಗಿರಲಿಲ್ಲ. ಇದು ಮೈಸೂರು ರಾಜರ ಕಾಲದ ಮಾತು. ಮುಳಬಾಗಿಲಿನಿಂದ ಬಂದ ಬೇಸಾಯ ಇಲಾಖೆಯ ಮೇಸ್ತ್ರಿ, ಮೂರು ಕಾಲಿನ ದುರ್ಬೀನಿನಲ್ಲಿ ಒಂದು ಕಣ್ಣು ಮುಚ್ಚಿ ನೋಡಿ ನೋಡಿ ಗೂಟ ಹೊಡೆಸಿ ಹೋಗಿದ್ದರು. ಸಾಲು ಮಾತ್ರ ಹಾವು ಹರಿದಂತಿತ್ತು. ಆದಿಲಕ್ಷ್ಮಿ ಓದುವ ಬೈರಕೂರಿನ ಸ್ಕೂಲಿನಲ್ಲಿ ಮಾರ್ಜಿನ್ ಸೊಟ್ಟಗಾದರೆ ಕೈಗೆ ಏಟು ಬೀಳುತ್ತದೆ. ಅಷ್ಟು ದೊಡ್ಡವರು ಹೀಗೆ ಮಾಡಬಹುದೇ? ನಮ್ಮ ಆದಿಲಕ್ಷ್ಮಿಯ ಕೈಯಂತೂ ಸುಮ್ಮನಿರುವ ಕೈಯಲ್ಲ.

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಊಟಕ್ಕೆ ಕೂತರು. ಅಪ್ಪ ಆವಲಪ್ಪ ಖುಷಿಯಾಗಿದ್ದ.

"ನಾಳೆ ಹತ್ತಾಳು ಬರ್ತಾರೆ. ಗೂಟದ ಸಾಲಿಗೇ ಮಣ್ಣಿನ ಬದು ಹಾಕ್ಬಿಡ್ತೀವಿ. ಹೋದ ವರ್ಷ ಹೊಲದ ಮಣ್ಣೆಲ್ಲ ಮಳೆಗೆ ಕೊಚ್ಕೊಂಡು ಕೆರೆ ಸೇರ್ತು. ಈ ಸಲ ಉಳೀತದೆ."

"ಅದ್ಯಾಕೆ ಅಷ್ಟು ಸೊಟ್ಟ ಹೊಡ್ದವ್ರೆ?" ಎಂದಳು ಅಮ್ಮ.

"ಏರೂ ಇಲ್ದೆ, ಇಳಿಜಾರೂ ಇಲ್ದೆ ನೆಲ ಎಲ್ಲಿ ಸಮ ಇದೆಯೋ ಅಲ್ಲಿ ಹೊಡ್ದವ್ರೆ. ನೆಟ್ಟಗೆ ಹಾಕಿದ್ರೆ ನೀರೆಲ್ಲ ತಗ್ಗಿಗೇ ಬಂದು ಒತ್ತಿ ಬದು ಒಡೀತದೆ. ಬಿತ್ತಿದ ರಾಗೀನೂ ಹೋಗ್ತದೆ. ಆ ಮೇಸ್ತ್ರಿ ಇನ್ನು ಬರೋದು ಮುಂದಿನ ವರ್ಷಾನೇ."

ಆದಿಲಕ್ಷ್ಮಿ ಕೈಯಲ್ಲಿದ್ದ ಮುದ್ದೆಯ ತುತ್ತನ್ನು ತಟ್ಟೆಗೇ ಇಟ್ಟಳು. ಹೇಳಲು ಭಯ, ಹೇಳದಿದ್ದರೆ ಇನ್ನೂ ಭಯ.

"ಅಪ್ಪಾ, ಗೂಟ ಎಲ್ಲ ಕಿತ್ತು ನೆಟ್ಟಗೆ ಹೊಡೆದಿದ್ದೀನಿ. ಹಳೇ ಕುಳೀನೂ ಮುಚ್ಚಿದೀನಿ."

ಅಪ್ಪ ಎಡಗೈಯಲ್ಲಿ ಹಣೆ ಹಿಡಿದುಕೊಂಡ. ಬೈದಿದ್ದರೇ ವಾಸಿಯಿತ್ತು.

ಗಾಯದ ಮೇಲೆ ಬರೆ ಎಂಬಂತೆ ಆಗಲೇ ಮಳೆ ಬಂತು. ದಬದಬ ಸುರಿದು, ಊಟ ಮುಗಿಯುವಷ್ಟರಲ್ಲಿ ನಿಂತೂ ಹೋಯಿತು.

"ಇದ್ದ ಗುರುತೂ ಅಳಿಸಿಹೋಯ್ತು ಬಿಡು," ಎಂದ ಅಪ್ಪ.

ಬೆಳಕು ಹರಿಯುತ್ತಲೇ ಆದಿಲಕ್ಷ್ಮಿ ಹೊಲಕ್ಕೆ ಓಡಿದಳು. ಹಿಂದೆಯೇ ಅಪ್ಪ. ಒದ್ದೆ ನೆಲದಲ್ಲಿ ಬಟ್ಟಲಿನಷ್ಟು ಕೆಂಪು ನೀರು ನಿಂತಿತ್ತು. ಮುಂದೆ ಇನ್ನೊಂದು ಕಡೆ. ಅದರಾಚೆ ಮತ್ತೊಂದು. ಅವಳು ಬಗ್ಗಿ ಬೆರಳಿಟ್ಟಳು. ಬೆರಳು ಆಳಕ್ಕೆ ಇಳಿಯಿತು.

"ಅಪ್ಪಾ, ಇದು ನಾನು ಮುಚ್ಚಿದ ಕುಳಿ. ಸಡಿಲ ಮಣ್ಣು ಮಳೆಗೆ ಕುಸಿದಿದೆ."

ಇಬ್ಬರೂ ಎಣಿಸಿದರು. ಇಪ್ಪತ್ತೂ ಇದ್ದವು. ಅಪ್ಪ ಉಸಿರು ಬಿಟ್ಟು ಕೆಸರಲ್ಲೇ ಕುಕ್ಕರಗಾಲಲ್ಲಿ ಕೂತ. ಅವನಿಗೆ ನಗು ಬಂದುಬಿಟ್ಟಿತು. ಆದಿಲಕ್ಷ್ಮಿಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು.

ಆಳುಗಳು ಬರುವ ಮೊದಲೇ ಗೂಟಗಳು ಹಳೆಯ ಜಾಗಕ್ಕೆ ಮರಳಬೇಕಿತ್ತು. ಅರ್ಧ ಮುಗಿಯುವಷ್ಟರಲ್ಲಿ ಮೆಹರ್ ಬಾನು ಬಂದಳು.

"ಅರೆ, ಮತ್ತೆ ಸೊಟ್ಟ ಹೊಡೀತಿದ್ದೀಯಲ್ಲೇ?"

"ಕಣ್ಣು ಮುಚ್ಕೊಂಡು ಈ ಸಾಲಲ್ಲೇ ನಡಿ," ಎಂದು ಆದಿಲಕ್ಷ್ಮಿ ಅವಳ ಕೈ ಹಿಡಿದುಕೊಂಡಳು.

ಮೆಹರ್ ಸಾಲು ತಿರುಗಿದಂತೆಲ್ಲ ತಿರುಗುತ್ತಾ ತುದಿಯವರೆಗೆ ನಡೆದಳು.

"ಏನೂ ಇಲ್ವಲ್ಲೇ. ಹತ್ತಿದ ಹಾಗೂ ಇಲ್ಲ, ಇಳಿದ ಹಾಗೂ ಇಲ್ಲ."

"ಹೂಂ, ಅದಕ್ಕೇ ಸೊಟ್ಟ," ಎಂದಳು ಆದಿಲಕ್ಷ್ಮಿ. ಮುಂದಿನ ಗೂಟವನ್ನು ಕೆಂಪು ನೀರಿನ ನಡುವೆ ಇಟ್ಟು, ಮೆಲ್ಲಗೆ ಹೊಡೆಯತೊಡಗಿದಳು.