ಹಗ್ಗದ ಈಚೆ ನಿಂತವನು

ಎರಡನೆಯ ವಿಹಾರದಲ್ಲೇ ನಾನು ಅವನ ಕಪಾಳಕ್ಕೆ ಬಾರಿಸಬೇಕಿತ್ತು. ಬಾರಿಸಲಿಲ್ಲ. ಹದಿನಾಲ್ಕು ವರ್ಷ ಸುತ್ತಿಗೆ ಎತ್ತಿದ ಕೈ ಇದು, ಅವನ ಹಲ್ಲು ಉಳಿಯುತ್ತಿರಲಿಲ್ಲ.

ನಾಲ್ಕು ದಿನದಲ್ಲಿ ಒಂಬತ್ತು ಬೌದ್ಧ ವಿಹಾರ ತೋರಿಸುವ ಟೂರಿಸ್ಟ್ ಬಸ್ಸು ನಮ್ಮದು. ಅಲ್ಲೆಲ್ಲ ಯಾತ್ರಿಕರು ಬುದ್ಧನ ಮೊಣಕಾಲಿಗೆ ಚಿನ್ನದ ರೇಕು ಅಂಟಿಸುತ್ತಾರೆ. ಉಸಿರು ತಾಗಿದರೆ ಹಾರಿಹೋಗುವಷ್ಟು ತೆಳ್ಳಗಿನ ರೇಕು. ಅದನ್ನು ಬಡಿದು ಬಡಿದು ತೆಳ್ಳಗೆ ಮಾಡುವುದು ನನ್ನ ಕಸುಬು. ಅಮ್ಮನ ಕಸುಬೂ ಅದೇ. ಗಂಡಸರ ಕೆಲಸ ಅನ್ನುತ್ತಿದ್ದರು; ಅಪ್ಪ ಸೊಂಟ ಮುರಿದುಕೊಂಡು ಮಲಗಿದ ದಿನ ಅದು ಹೆಂಗಸರ ಕೆಲಸವಾಯಿತು. ಮೂವತ್ತು ವರ್ಷ ಬಡಿದಳು.

ಸಾಯುವ ಮುಂಚೆ ನನ್ನ ಕೈಗೊಂದು ಕಾಗದದ ಮಡಿಕೆ ಕೊಟ್ಟಿದ್ದಳು. ಅವಳು ಬಡಿದ ಕೊನೆಯ ರೇಕು. "ಯಾರ ಕೈಗೂ ಕೊಡ್ಬೇಡ ಕಣೇ. ನೀನೇ ಅಂಟ್ಸು."

ಅದನ್ನು ಹಿಡಿದುಕೊಂಡು ಹೋದರೆ ವಿಗ್ರಹದ ಮುಂದೆ ಕೆಂಪು ಹಗ್ಗ. ಹಗ್ಗದ ನಡುವೆ ಬೋರ್ಡು: ಹೆಂಗಸರು ಇಲ್ಲಿಂದ ಮುಂದೆ ಬರಬಾರದು. ಮೊದಲನೆಯ ವಿಹಾರದಲ್ಲಿ, ಇಲ್ಲಿನವರಿಗೇನೋ ತಲೆಕೆಟ್ಟಿದೆ ಎಂದುಕೊಂಡು ಬಂದೆ. ಎರಡನೆಯದರಲ್ಲೂ ಅದೇ ಹಗ್ಗ. ಮಡಿಕೆಯನ್ನು ಪಕ್ಕದ ಬೆಂಚಿನ ಮೇಲಿಟ್ಟು ಕಾವಲಿನವನ ಎದುರು ನಿಂತೆ.

"ಯಾಕೆ ಹೋಗಬಾರದು?"

"ಮೊದಲಿಂದ ಹಾಗೇ."

"ಅವನು ಹೇಳಿದ್ನಾ?"

"ಯಾರು?"

"ಒಳಗೆ ಕೂತಿರೋನು."

ಕಾವಲಿನವನು ಚಾವಣಿ ನೋಡಿದ. ನಾನು ತಿರುಗಿದೆ. ಬೆಂಚು ಖಾಲಿ.

ಹಗ್ಗದ ಆಚೆಯಿಂದ ನಮ್ಮ ಬಸ್ಸಿನ ಸರ್ವೆಯರ್ ನಗುನಗುತ್ತಾ ಬರುತ್ತಿದ್ದ. ಜಮೀನು ಅಳೆಯುವವನು, ಬಸ್ಸಿನಲ್ಲಿ ನನ್ನ ಪಕ್ಕದ ಸೀಟು. "ಅಂಟಿಸಿಬಿಟ್ಟೆ ಮೇಡಂ. ಎಡ ಮೊಣಕಾಲಿಗೆ. ನೀವು ಸುಮ್ನೆ ಜಗಳ ಆಡ್ತಾ ಇದ್ರಿ, ಅದಕ್ಕೇ."

ನನ್ನ ಮುಖ ನೋಡಿ ಅವನ ನಗು ಅರ್ಧಕ್ಕೇ ನಿಂತಿತು.

"ಅದು ನಮ್ಮಮ್ಮ ಬಡಿದಿದ್ದ ಕೊನೇ ರೇಕು," ಎಂದೆ. "ನನ್ನ ಕೈಯಿಂದಲೇ ಅಂಟಿಸು ಅಂದಿದ್ಲು. ನಿಮ್ಮನ್ನ ಯಾರು ಕೇಳಿದ್ರು?"

ಅವನು ತನ್ನ ಬಲಗೈಯನ್ನೇ ನೋಡಿಕೊಂಡ. "ಕೇಳಬೇಕಿತ್ತು," ಎಂದ. ಅಷ್ಟೇ. ನೆಪ ಹೇಳಿದ್ದರೆ ನನ್ನ ಸಿಟ್ಟಿಗೆ ಇನ್ನಷ್ಟು ಅನುಕೂಲವಾಗುತ್ತಿತ್ತು.

ಬಸ್ಸಿನಲ್ಲಿ ಮುಂದಿನ ಸೀಟಿನ ನಿವೃತ್ತ ಟೀಚರಮ್ಮ ಹಿಂದೆ ತಿರುಗಿ ಸಮಾಧಾನ ಹೇಳಿದರು. "ಪುಣ್ಯ ನಿನ್ನ ಅಮ್ಮನಿಗೇ ಹೋಗತ್ತೆ ಬಿಡಮ್ಮ."

"ಪುಣ್ಯ ಯಾರಿಗೆ ಬೇಕು? ಅವಳಿಗೆ ಬುದ್ಧನನ್ನ ಮುಟ್ಟಬೇಕಿತ್ತು."

ಹೇಳಿದ ಮೇಲೆ ನನಗೇ ಹೊಳೆಯಿತು. ನಾನು ಚಿಕ್ಕವಳಿದ್ದಾಗ ಅಮ್ಮ ಒಮ್ಮೆ ಇದೇ ಯಾತ್ರೆಗೆ ಬಂದಿದ್ದಳು. ತಂದ ರೇಕನ್ನು ಹಾಗೇ ವಾಪಸ್ ತಂದಿದ್ದಳು. ಯಾಕೆ ಎಂದರೆ ಸುತ್ತಿಗೆ ಒರೆಸತೊಡಗಿದ್ದಳು. ಮರುದಿನ ಬೆಳಗ್ಗೆ ಎಂದಿಗಿಂತ ಜೋರಾಗಿ ಬಡಿದಿದ್ದಳು. ಈ ದರಿದ್ರ ಹಗ್ಗಕ್ಕೆ ಹೊಟ್ಟೆ ತಾಗಿಸಿ ನಿಂತು, ತಾನೇ ಬಡಿದು ಮಾರಿದ ಚಿನ್ನ ಕಂಡವರ ಕೈಯಲ್ಲಿ ಒಳಗೆ ಹೋಗುವುದನ್ನು ನೋಡಿ ಬಂದಿದ್ದಳು. ಮಗಳ ಹತ್ತಿರ ಹೇಳುವುದಕ್ಕೂ ನಾಚಿಕೆಯಾಗಿತ್ತು ಅವಳಿಗೆ. ನಾಚಿಕೆ ಯಾರಿಗೆ ಆಗಬೇಕಿತ್ತು?

ಮೂರನೆಯ ವಿಹಾರಕ್ಕೆ ಬರುವಷ್ಟರಲ್ಲಿ ಸರ್ವೆಯರ್ ಬಲ ಹೆಬ್ಬೆರಳಿಗೆ ದಪ್ಪ ಬ್ಯಾಂಡೇಜ್ ಸುತ್ತಿಕೊಂಡಿದ್ದ.

"ಬಾಗಿಲಿಗೆ ಸಿಕ್ಕಿಕೊಳ್ತು," ಎಂದ ಟೀಚರಮ್ಮನಿಗೆ.

"ಒಳ್ಳೇದಾಯ್ತು," ಎಂದೆ, ಅವನಿಗೆ ಕೇಳುವ ಹಾಗೆ.

ಊಟಕ್ಕೆ ಎಡಗೈಯಲ್ಲಿ ಚಮಚ ಹಿಡಿದ. ಅರ್ಧ ಬಾಯಿಗೆ, ಅರ್ಧ ಅಂಗಿಗೆ. ನೋಡಿ ನಗು ಬಂತು. ನಗು ಬಂದದ್ದಕ್ಕೆ ಸಿಟ್ಟು ಬಂತು.

ಆಮೇಲಿನ ಯಾವ ವಿಹಾರದಲ್ಲೂ ಅವನು ಹಗ್ಗ ದಾಟಲಿಲ್ಲ. ಗಂಡಸರೆಲ್ಲ ಒಳಗೆ ಹೋದರೆ ಇವನು ಹೆಂಗಸರ ಸಾಲಿನ ಕೊನೆಯಲ್ಲಿ, ನನ್ನಿಂದ ಒಂದು ಮಾರು ದೂರದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ. ಐದನೆಯದರಲ್ಲಿ ನಾನು ತಡೆಯಲಾರದೆ ಕೇಳಿದೆ.

"ಹೋಗ್ರೀ. ಗೆರೆ ಎಳೆಯೋ ಕಸುಬಿನವರು, ನಿಮಗೇನು ಅಡ್ಡಿ?"

"ಇಲ್ಲಿಂದ ಚೆನ್ನಾಗೇ ಕಾಣತ್ತೆ."

"ಸುಳ್ಳು. ಇಲ್ಲಿಂದ ಮೊಣಕಾಲೂ ಕಾಣಲ್ಲ."

ಅವನು ಕತ್ತು ಉದ್ದ ಮಾಡಿ ನೋಡಿದ. ಆಮೇಲೆ ನನ್ನನ್ನು ನೋಡಿದ. ಬಿಸಿಲಲ್ಲಿ ಅಳೆದು ಅಳೆದು ಅಂಚಿನಲ್ಲಿ ಸುಕ್ಕುಗಟ್ಟಿದ ಕಣ್ಣು. "ಕಾಣಲ್ಲ," ಎಂದು ಒಪ್ಪಿಕೊಂಡ.

ಅವತ್ತು ಬಸ್ಸಿನಲ್ಲಿ ಅವನ ಭುಜ ನನ್ನ ಭುಜಕ್ಕೆ ತಾಗಿದಾಗ ನಾನು ಸರಿಯಲಿಲ್ಲ. ಸಿಟ್ಟು ಇಳಿದಿರಲಿಲ್ಲ. ಅದು ಅವನನ್ನು ಬಿಟ್ಟು ಹಗ್ಗದ ಕಡೆ ಹೊರಳಿತ್ತು.

ನಾಲ್ಕನೆಯ ದಿನದ ಮಧ್ಯಾಹ್ನ, ಒಂಬತ್ತನೆಯ ವಿಹಾರ. ಕೊನೆಯ ಹಗ್ಗ. ಖಾಲಿ ಕೈಯಲ್ಲಿ ನಿಂತಿದ್ದೆ. ಸರ್ವೆಯರ್ ಪಕ್ಕಕ್ಕೆ ಬಂದು ಬ್ಯಾಂಡೇಜ್ ಬಿಚ್ಚತೊಡಗಿದ. ಬಟ್ಟೆಯ ಒಳಗೆ ಕಾಗದ. ಅಮ್ಮನ ಮಡಿಕೆಯ ಕಾಗದ. ಕಾಗದದ ಒಳಗೆ, ಅವನ ಹೆಬ್ಬೆರಳಿನ ಉಗುರಿನ ಮೇಲೆ, ಮಿರುಗುವ ಚೂರು ಚಿನ್ನ.

"ಅಂಟಿಸುವಾಗ ಒಂದು ಮೂಲೆ ನನ್ನ ಉಗುರಿಗೆ ಮೆತ್ತಿಕೊಂಡಿತ್ತು," ಎಂದ. "ನೀರು ತಾಗಿಸಿಲ್ಲ. ತೆಗೆಯೋದು ಹೇಗೆ ಅಂತ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿರತ್ತೆ. ಬೇಕಾ?"

ಈ ಸಲ ಕೇಳಿದ.

ನಾನು ಅವನ ಅಂಗಿಯ ಕಲೆ ನೋಡಿದೆ. "ಮೂರು ದಿನ ಅಂಗಿ ಮೇಲೆ ಅನ್ನ ಚೆಲ್ಲಿಕೊಂಡಿದ್ದು ಇದಕ್ಕಾ?"

"ಎಡಗೈ ನನ್ನ ಮಾತು ಕೇಳಲ್ಲ."

ರೇಕು ಎತ್ತುವ ಬೆರಳಿಗೆ ಚೂರು ಎಣ್ಣೆಪಸೆ ಬೇಕು. ಕಾರ್ಖಾನೆಯಲ್ಲಿ ನಾವು ನಮ್ಮ ಕೆನ್ನೆಗೇ ಬೆರಳು ಸವರಿಕೊಳ್ಳುತ್ತೇವೆ. ನಾನು ಅವನ ಕೆನ್ನೆಗೆ ಸವರಿದೆ. ಮೊದಲ ದಿನ ಬಾರಿಸಬೇಕೆಂದಿದ್ದ ಅದೇ ಕೆನ್ನೆ, ಬಿಸಿಯಾಗಿತ್ತು. ಅವನು ಉಸಿರು ಬಿಗಿಹಿಡಿದ. ರೇಕು ಹಾರಬಾರದೆಂದೋ ಏನೋ. ಅವನ ಉಗುರಿನಿಂದ ಅಮ್ಮನ ಚಿನ್ನ ನನ್ನ ತೋರುಬೆರಳಿಗೆ ಬಂತು.

"ನಾನೂ ಜೊತೆಗೆ ಬರಲಾ?"

"ಬೇಡ. ನೀನು ಈಚೆಗೇ ಇರು. ಹಗ್ಗ ಎತ್ತು."

ಎರಡೂ ಕೈಯಲ್ಲಿ ಎತ್ತಿದ. ನಾನು ಬಗ್ಗಿ ಆಚೆ ಹೋದೆ.

"ಏಯ್, ಬೋರ್ಡು ಕಾಣಲ್ವಾ?" ಕಾವಲಿನವನು ಓಡಿಬಂದ.

"ಕಾಣತ್ತೆ. ಒಂಬತ್ತು ಸಲ ಓದಿ ಬಾಯಿಪಾಠ ಆಗಿದೆ."

ಅವನು ನನ್ನನ್ನು ತಡೆಯಬೇಕಾದರೆ ಮುಟ್ಟಬೇಕಿತ್ತು. ಹೆಂಗಸನ್ನು ಮುಟ್ಟುವುದಕ್ಕೂ ಅವನ ನಿಯಮ ಬಿಡಲಿಲ್ಲ. ಬುದ್ಧನ ಮೊಣಕಾಲು ತಣ್ಣಗಿತ್ತು. ಅಲ್ಲಿ ಪದರ ಪದರವಾಗಿ ಕೂತಿದ್ದ ಚಿನ್ನದಲ್ಲಿ ಅಮ್ಮನ ಮೂವತ್ತು ವರ್ಷ ಎಷ್ಟಿತ್ತೋ. ಅದರ ಮೇಲೆ ಬೆರಳು ಒತ್ತಿ ಹಿಡಿದೆ. ಮುಟ್ಟಿದೆ ಕಣಮ್ಮ ಎಂದೆ.

ತಿರುಗಿದಾಗ ಸರ್ವೆಯರ್ ಇನ್ನೂ ಹಗ್ಗ ಎತ್ತಿ ಹಿಡಿದೇ ನಿಂತಿದ್ದ. ಕಾವಲಿನವನು ಅವನ ತೋಳು ಜಗ್ಗುತ್ತಿದ್ದ. ಅವನು ನನ್ನನ್ನೇ ನೋಡುತ್ತಿದ್ದ.

"ನಿಮ್ಮ ಊರಲ್ಲೂ ಅಳೆಯೋಕೆ ಜಮೀನು ಇರತ್ತೆ ಅಲ್ವಾ?" ಎಂದ, ಆ ಗದ್ದಲದ ನಡುವೆಯೇ. "ನಾನು ಅಲ್ಲಿಗೆ ವರ್ಗ ಕೇಳಲಾ?"

"ಕೇಳು," ಎಂದೆ. "ಬಂದಮೇಲೆ ಗೆರೆ ಎಳೆಯೋ ಮುಂಚೆ ನನ್ನನ್ನೂ ಕೇಳು."

ನಾನು ಈಚೆ ಬಂದೆ. ಅವನು ಹಗ್ಗ ಇಳಿಸಹೋದ. ಆಗ ಟೀಚರಮ್ಮ ತಮ್ಮ ವ್ಯಾನಿಟಿ ಬ್ಯಾಗನ್ನು ನನ್ನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡರು.

"ಇಳಿಸಬೇಡಪ್ಪಾ. ಇನ್ನೂ ಸ್ವಲ್ಪ ಮೇಲೆತ್ತು. ನನಗೆ ಸೊಂಟ ಬಗ್ಗಲ್ಲ."