ಬಾಳುವಿನ ಕಾರಿಗೆ ಕೌಲ್

ಆ ದಿನವೂ ಕುಠ್ಠಾಳಿಯ ಏರಿನಲ್ಲಿ ಕಾರು ನಿಂತಿತು. ಸುಮ್ಮನೆ ನಿಲ್ಲಲಿಲ್ಲ. ಕೆಮ್ಮಿ, ಬಾನೆಟ್ಟಿನಿಂದ ಹೊಗೆ ಬಿಟ್ಟು, ಹಿಂದಿನ ಲಾರಿಯವನಿಂದ ಕೊಂಕಣಿಯಲ್ಲಿ ಬೈಸಿಕೊಂಡು ನಿಂತಿತು. ನಾನು ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲೇ ಇಳಿದು, ಅದನ್ನು ರಸ್ತೆ ಬದಿಗೆ ತಳ್ಳತೊಡಗಿದೆ. ಬಾಳು ಸ್ಟೇರಿಂಗ್ ಹಿಡಿದವನು ಕಿಟಕಿಯಿಂದ ತಲೆ ಹೊರಗೆ ಹಾಕಿ, ಇದನ್ನು ರಿಪೇರಿ ಮಾಡಿಸಲೋ, ಬೇರೆ ಗಾಡಿ ತಗೊಳ್ಳಲೋ ಎಂದು ಕೇಳಿದ. ಬೆವರು ಸುರಿಸುತ್ತ ತಳ್ಳುತ್ತಿರುವವಳನ್ನು ಕೇಳುವ ಮಾತೇ ಅದು?

ಹಾಗೆ ಕೇಳುವುದು ಅವನಿಗೆ ಹೊಸದೇನಲ್ಲ. ಮಳೆಗಾಲ ಮುಗಿದಾಗಿನಿಂದ ಅದೊಂದೇ ಜಪ.

ನಾನು ಅಂಬಿಕಾ. ಮನೆ ಡಿಚೋಲಿಯಲ್ಲಿ. ಅಪ್ಪ ಗಂಗಪ್ಪ ಗದಗ ಕಡೆಯಿಂದ ಗಣಿ ಲಾರಿ ಓಡಿಸಲು ಬಂದವನು, ನಾನು ಇಲ್ಲಿಯೇ ಬೆಳೆದವಳು. ವೆರ್ಣಾದ ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ನೋಡಿಕೊಳ್ಳುತ್ತೇನೆ. ಬಾಳು ಸಾಂಖಳಿಯಲ್ಲಿರುತ್ತಾನೆ, ಅವನೂ ನಮ್ಮ ಕಡೆಯವನೇ, ಪಕ್ಕದ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಬೆಳಿಗ್ಗೆ ಡಿಚೋಲಿ ಸ್ಟ್ಯಾಂಡಿನಲ್ಲಿ ನನ್ನನ್ನು ಹತ್ತಿಸಿಕೊಂಡು, ಸಂಜೆ ಅಲ್ಲೇ ಇಳಿಸುತ್ತಾನೆ. ಮೊದಲು ಹಿಂದಿನ ಸೀಟಿನಲ್ಲಿ ಪಾಂಡು ಮತ್ತು ಕೇಶಪ್ಪ ಇರುತ್ತಿದ್ದರು. ಗಾಡಿ ಕೈಕೊಡತೊಡಗಿದ ಮೇಲೆ ಇಬ್ಬರೂ ಬಸ್ಸು ಹಿಡಿದರು. ನಾನು ಹಿಡಿಯಲಿಲ್ಲ.

ಯಾಕೆ ಹಿಡಿಯಲಿಲ್ಲ ಎಂದು ಕೇಳಬೇಕಾದವನು ಕೇಳಲೇ ಇಲ್ಲ. ನನ್ನ ಸಿಟ್ಟೆಲ್ಲ ಅದಕ್ಕೇ. ಆ ಮನುಷ್ಯನನ್ನು ಕಂಡರೆ ನನಗೆ ಪ್ರಾಣ. ಇಲ್ಲದಿದ್ದರೆ ಆ ಡಬ್ಬಿಯನ್ನು ಯಾವ ಹುಚ್ಚಿ ತಳ್ಳುತ್ತಾಳೆ?

ಅವನಿಗೂ ಮನಸ್ಸಿತ್ತು, ಅಷ್ಟು ತಿಳಿಯದವಳಲ್ಲ ನಾನು. ಕಾರಿನೊಳಗಿನ ಕನ್ನಡಿ ಸಡಿಲಾಗಿ ನನ್ನ ಕಡೆಗೇ ವಾಲುತ್ತಿತ್ತು. ಹಿಂದಿನ ಗಾಡಿಗಳು ಕಾಣಬೇಕಾದಲ್ಲಿ ಅವನಿಗೆ ನನ್ನ ಮುಖ ಕಾಣುತ್ತಿತ್ತು. ಸರಿಮಾಡಲು ಕೈ ಎತ್ತುತ್ತಿದ್ದ, ಎತ್ತಿದ ಕೈ ಕನ್ನಡಿಯ ಹತ್ತಿರವೇ ನಿಂತುಬಿಡುತ್ತಿತ್ತು. ನಾನು ಬೇಕೆಂದೇ ಹುಬ್ಬು ಹಾರಿಸುತ್ತಿದ್ದೆ. ಅವನ ಕಿವಿ ಕೆಂಪಗಾಗುತ್ತಿತ್ತು.

"ಹಿಂದ ಲಾರಿ ಬರಾಕತ್ತೇತಿ. ನನ್ನ ಯಾಕ ನೋಡತೀರಿ?" ಎಂದು ಕೇಳಿದ್ದೆ ಒಮ್ಮೆ.

"ಕನ್ನಡಿ ಸಡ್ಲ ಆಗೇತ್ರಿ."

"ಬರೇ ಕನ್ನಡಿ ಅಷ್ಟ ಸಡ್ಲ ಆಗೇತೇನು?"

ಝುವಾರಿ ಸೇತುವೆ ದಾಟುವವರೆಗೂ ಅವನು ತುಟಿ ಕಚ್ಚಿಕೊಂಡು ನಕ್ಕ. ಬಾಯಿ ಬಿಟ್ಟು ಒಂದು ಮಾತು ಆಡಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಈ ಆಟಕ್ಕೆ ಈಗ ಕೊನೆ ಬಂದಿತ್ತು. ನಮ್ಮ ಕಂಪನಿಯ ಬಸ್ಸು ಡಿಚೋಲಿಗೂ ಬರುವುದೆಂದಾಗಿ, ಹೆಸರು ಕೊಡಲು ಶನಿವಾರದವರೆಗೆ ಅವಕಾಶವಿತ್ತು. ಇನ್ನೊಮ್ಮೆ ತಡವಾದರೆ ಪ್ಯಾಕಿಂಗ್ ಲೈನಿನಿಂದ ತೆಗೆಯುತ್ತೇನೆ ಎಂದು ಸೂಪರ್‌ವೈಸರ್ ಬೇರೆ ಗುರುಗುಟ್ಟಿದ್ದ. ಬಾಳು ಒಳ್ಳೆಯ ಗಾಡಿ ತಂದರೆ ನಾನು ಬಸ್ಸಿಗೆ ಹೋಗಬೇಕಿಲ್ಲ. ತರದಿದ್ದರೆ ಆ ಮುಂದಿನ ಸೀಟು ಹೋಯಿತು. ಆ ಸೀಟಿಲ್ಲದಿದ್ದರೆ ಅವನು ಯಾರೋ, ನಾನು ಯಾರೋ.

ಅವನೋ, ಗ್ಯಾರೇಜಿನ ಪರಮೇಶಪ್ಪನ ಹತ್ತಿರ ಹೋಗಿ ಬರುತ್ತಿದ್ದ. ಎಂಜಿನ್ ಬಿಚ್ಚಿದರೆ ಇನ್ನೆರಡು ವರ್ಷ ಓಡೀತು, ಆದರೆ ತಳವೆಲ್ಲ ತುಕ್ಕು, ತಾನು ಗ್ಯಾರಂಟಿ ಕೊಡುವುದಿಲ್ಲ ಎಂದು ಪರಮೇಶಪ್ಪ ನೇರವಾಗಿ ಹೇಳಿದ್ದ. ಮಾಪ್ಸಾದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಬೆಳ್ಳಿ ಬಣ್ಣದ ಗಾಡಿ ಇತ್ತು. ಬಾಳು ಅದರಲ್ಲಿ ಕುಳಿತು, ಹಾರ್ನ್ ಒತ್ತಿ, ಸೀಟು ಸವರಿ, ನೋಡೋಣ ಎಂದು ವಾಪಸ್ ಬರುತ್ತಿದ್ದ. ಒಂದು ದಿನ ಹಳೆಯ ಎಂಜಿನ್ ಇನ್ನೂ ಚಲೋ ಇದೆ ಎನ್ನುವನು, ಮರುದಿನ ಇದು ಉಳಿಯುವುದಿಲ್ಲ ಎನ್ನುವನು. ನನ್ನ ತಲೆ ಚಿಟ್ಟು ಹಿಡಿದುಹೋಯಿತು.

ಶುಕ್ರವಾರ ಬೆಳಿಗ್ಗೆ ಅವನು ದಾರಿಯಲ್ಲಿದ್ದ ದೇವಿಯ ಗುಡಿಯ ಮುಂದೆ ಗಾಡಿ ನಿಲ್ಲಿಸಿದ. ಕಾರು ರಿಪೇರಿ ಮಾಡಿಸಲೇ ಎಂದು ಕೌಲ್ ಕೇಳಿ ಬರುತ್ತಾನಂತೆ. ದೇವಿಯ ಮೂರ್ತಿಗೆ ಹೂವಿನ ಎಸಳು ಹಚ್ಚಿ ಪ್ರಶ್ನೆ ಕೇಳುತ್ತಾರೆ, ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ನಮ್ಮ ಕಡೆಯೂ ಪ್ರಸಾದ ಕೇಳುವುದು ಅಂತ ಇದೆ. ಆದರೆ ಅದು ಮದುವೆಗೆ, ಮನೆ ಕಟ್ಟಲಿಕ್ಕೆ. ಕ್ಲಚ್ ಪ್ಲೇಟಿಗೆ ಯಾರಾದರೂ ದೇವರನ್ನು ಎಬ್ಬಿಸುತ್ತಾರೆಯೇ? ಎಂಜಿನ್ ಬಂದ್ ಮಾಡಿದರೆ ಮತ್ತೆ ಚಾಲೂ ಆಗುವ ಭರವಸೆ ಇರಲಿಲ್ಲ. ಹಾಗಾಗಿ ನಾನು ಅವನ ಸೀಟಿಗೆ ಸರಿದು, ಆಕ್ಸಿಲರೇಟರ್ ಒತ್ತುತ್ತ ಹೊರಗೇ ಕುಳಿತೆ.

ಅವನು ಮುಖ ಇಳಿಬಿಟ್ಟುಕೊಂಡು ಬಂದ. "ಎಡಕ್ಕ ಬಿತ್ರಿ" ಎಂದ.

ನನಗೆ ಖುಷಿಯೋ ಖುಷಿ. ರಿಪೇರಿ ಬೇಡವೆಂದು ದೇವಿಯೇ ಹೇಳಿದ ಮೇಲೆ ಇನ್ನೇನು? ಭಾನುವಾರವೇ ಮಾಪ್ಸಾಕ್ಕೆ ಹೋಗೋಣ, ನಾನೂ ಬರುತ್ತೇನೆ ಎಂದು ದಾರಿಯುದ್ದಕ್ಕೂ ವಟಗುಟ್ಟಿದೆ. ಕಾರ್ಖಾನೆಯ ಗೇಟಿನಲ್ಲಿ ನಾನು ಇಳಿಯುವಾಗ ಅವನು, ಕಂಪನಿ ಬಸ್ಸಿಗೆ ಹೆಸರು ಕೊಟ್ಟುಬಿಡಿ ಎಂದ. ನನ್ನ ಮುಖ ಸಹ ನೋಡಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಸೀದಾ ಒಳಗೆ ಹೋಗಿ ಹೆಸರು ಕೊಟ್ಟೆ. ಆಮೇಲೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅತ್ತೆ.

ಕಂಪನಿ ಬಸ್ಸು ಇನ್ನೂ ಶುರುವಾಗಿರಲಿಲ್ಲ, ಸಂಜೆ ಅದೇ ಕಾರಿನಲ್ಲಿ ಇಬ್ಬರೂ ಹೊರಟೆವು. ಮಾಯೆಂ ಕೆರೆಯ ಹತ್ತಿರ ಕಾರು ನಿಂತಿತು. ಈ ಸಲ ಕೆಮ್ಮಲಿಲ್ಲ, ಹೊಗೆ ಬಿಡಲಿಲ್ಲ. ಅಡಿಯಲ್ಲಿ ಏನೋ ಕಳಚಿ ಬಿದ್ದ ಸದ್ದಾಯಿತು, ಅಷ್ಟೇ. ಅವನು ಇಳಿದು ಬಾನೆಟ್ ಎತ್ತಿದ. ನಾನೂ ಇಳಿದು ಎದುರು ನಿಂತೆ. ಇವತ್ತು ತಳ್ಳುವುದಿಲ್ಲ ಎಂದು ನಿಶ್ಚಯ ಮಾಡಿದ್ದೆ.

"ದೇವೀನ ಏನಂತ ಕೇಳಿದ್ರಿ? ಖರೇ ಹೇಳ್ರಿ."

ಅವನು ಬ್ಯಾಟರಿಯ ವೈರು ಕೈಬಿಟ್ಟು ಹೇಳಿದ. "ಕಾರಿಂದ ಕೇಳಾಕ ಹೋಗಿದ್ನಿರಿ. ಭಟ್ಟರು ಎಸಳು ಹಚ್ಚಿ, ಮನಸಿನ್ಯಾಗ ಕೇಳ್ಕೋ ಅಂದ್ರು. ಕಣ್ಣ ಮುಚ್ಚಿದ್ರ ಕಾರು ನೆನಪಾಗ್ಲಿಲ್ಲ. ಅಂಬಿಕಾ ನನ್ನ ಒಪ್ಪತಾಳೇನು ತಾಯಿ, ಅಂತ ಕೇಳಿಬಿಟ್ಟೆ."

ಎಡಕ್ಕೆ ಬಿತ್ತು. ಅಷ್ಟಕ್ಕೇ ಈ ಮಹಾಶಯ ನನ್ನನ್ನು ಬಸ್ಸಿಗೆ ಕಳಿಸಿದ್ದ.

ನನ್ನ ಎದೆಯಲ್ಲಿ ಸಂತೋಷವೂ ಸಿಟ್ಟೂ ಒಟ್ಟಿಗೇ ನುಗ್ಗಿದವು. ಬಾಯಿಗೆ ಮೊದಲು ಬಂದದ್ದು ಸಿಟ್ಟು.

"ದಿನಾ ಬಾಜೂಕ ಕುಂಡ್ರಾಕಿನ್ನ ಬಿಟ್ಟು ದೇವೀನ ಕೇಳಾಕ ಹೋದ್ರ್ಯಾ? ನಾನು ಹೇಳೂ ಉತ್ತರ ಆಕಿ ಯಾಕ ಹೇಳಬೇಕು?"

"ಮತ್ತ ಎಡಕ್ಕ ಯಾಕ ಬಿತ್ತು?"

"ಇದನ್ನ ನನಗ ಕೇಳಬ್ಯಾಡ, ಆಕಿನ್ನ ಕೇಳು, ಅಂದಾಳ. ಅಷ್ಟೂ ತಿಳೀಲಿಲ್ಲ ನಿಮಗ."

ಅವನು ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ನನ್ನನ್ನು ನೋಡಿದ. ಕನ್ನಡಿಯಿಲ್ಲದೆ, ನೆಟ್ಟಗೆ, ಕಣ್ಣಿಗೆ ಕಣ್ಣಿಟ್ಟು ನೋಡಿದ್ದು ಅದೇ ಮೊದಲು. ನಾನು ಸೊಂಟದ ಮೇಲಿನ ಕೈ ತೆಗೆಯಲಿಲ್ಲ.

"ನನ್ನ ಮದುವಿ ಆಗತೀರೇನ್ರಿ?"

"ಮೊದಲ ಕಾರಿಂದ ಹೇಳ್ರಿ. ಇಟ್ಕೋತೀರೋ, ಬಿಡತೀರೋ? ನನ್ನ ಕೇಳಬ್ಯಾಡ್ರಿ, ದೇವರನ್ನೂ ಕೇಳಬ್ಯಾಡ್ರಿ." ಹೀಗೆ ಯಾಕೆ ಅಂದೆನೋ. ಒಂದು ಗಾಡಿಯ ವಿಷಯ ತೀರ್ಮಾನಿಸಲಾಗದವನ ಜೊತೆ ಬಾಳುವೆ ಮಾಡಲು ನನಗೆ ಭಯವಿತ್ತು.

ಅವನು ಕಾರಿನ ಮೇಲೆ ಕೈಯಿಟ್ಟು ನಿಂತ. "ಇದು ನೀವು ಕುಂತ ಗಾಡೀರಿ. ಹೊಸಾದು ತಂದ್ರ ಅದರಾಗ ನೀವು ಕುಂಡ್ರತೀರೋ ಇಲ್ಲೋ, ನನಗ ಗೊತ್ತಿರಲಿಲ್ಲ. ಅದಕ್ಕ ಬಿಡಾಕ ಆಗಲಿಲ್ಲ."

ನನ್ನ ಕಣ್ಣು ತುಂಬಿದವು. ಇದೊಂದು ಮಾತಿಗಾಗಿ ಎಷ್ಟು ಏರು ತಳ್ಳಿದ್ದೆ ನಾನು.

ಅವನು ಫೋನ್ ತೆಗೆದು ಪರಮೇಶಪ್ಪನಿಗೆ ಹಚ್ಚಿದ. ಗಾಡಿ ಮಾಯೆಂ ಕೆರೆಯ ಹತ್ತಿರ ಇದೆ, ಎಳೆದುಕೊಂಡು ಹೋಗಿ ಗುಜರಿಗೆ ಹಾಕಿ, ಭಾನುವಾರ ನಾನು ಮಾಪ್ಸಾದ್ದನ್ನು ತರುತ್ತೇನೆ ಎಂದ. ಆ ಕಡೆಯಿಂದ ಪರಮೇಶಪ್ಪ ಏನೋ ಸಲಹೆ ಕೊಡಲು ಹೊರಟಿರಬೇಕು. ಬೇಡ, ಆಗಿಹೋಯಿತು ಎಂದು ಫೋನ್ ಇಟ್ಟ.

ಸಾಂಖಳಿ ಬಸ್ಸು ಬಂತು. ಜನ ಕಿಕ್ಕಿರಿದಿದ್ದರು, ಇಬ್ಬರೂ ಕಂಬಿ ಹಿಡಿದು ನಿಂತೆವು. ಕಂಡಕ್ಟರನಿಗೆ ಬಾಳು ಎರಡು ಡಿಚೋಲಿ ಎಂದ. ನಿಮ್ಮ ಮನೆ ಇನ್ನೂ ಮುಂದಲ್ಲವೇ ಎಂದೆ.

"ಇವತ್ತ ನಿಮ್ಮ ಮನಿಗೆ ಬರತೇನಿ. ಅಪ್ಪಾರ ಜೋಡಿ ಮಾತಾಡಬೇಕು."

ಬರಲೇ ಎಂದು ಕೇಳಲಿಲ್ಲ. ಬರುತ್ತೇನೆ ಅಂದ.

"ಅಪ್ಪಗ ಆಮ್ಯಾಲ ಹೇಳೀರಂತ. ನನಗ ಕೇಳಿದ್ದಕ್ಕ ಉತ್ತರ ಬ್ಯಾಡೇನು?"

ಅವನ ಕಿವಿ ಮತ್ತೆ ಕೆಂಪಾದವು. ಬೇಕು ಎಂದು ತಲೆಯಾಡಿಸಿದ.

ನಾನು ಹೂಂ ಅಂದೆ. ಬಸ್ಸಿನ ಗದ್ದಲದಲ್ಲಿ ಅವನಿಗೆ ಕೇಳಿಸಲಿಲ್ಲ. ಆಮೇಲೆ ಕಂಡಕ್ಟರನೂ ತಿರುಗಿ ನೋಡುವ ಹಾಗೆ, ಇನ್ನೊಮ್ಮೆ ಗಟ್ಟಿಯಾಗಿ ಅಂದೆ.