ಇಟ್ಟಿಗೆಯ ಮೇಲೆ ನಿಂತ ಕಾರು

ಬೆಳಗಿನ 5.50. ಬುಧವಾರ, 2025ರ ಮೇ 21. ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ ಹಾಲು ತರಲು ಹೊರಟಿದ್ದ ಬಸಲಿಂಗವ್ವ ಎಂಬ ಅರವತ್ತೆಂಟು ವರ್ಷದ ಮಹಿಳೆಗೆ ಕಾರೊಂದು ಡಿಕ್ಕಿ ಹೊಡೆದು ಹೋಯಿತು. ನಿಂತಿದ್ದ ಟೆಂಪೊಗಳ ಮರೆಯಲ್ಲಿ ಬಿದ್ದಿದ್ದ ಆಕೆಯನ್ನು ಯಾರಾದರೂ ನೋಡುವ ಹೊತ್ತಿಗೆ 6.15 ಆಗಿತ್ತು. ಆಗ ಉಸಿರಿತ್ತು. ಆಸ್ಪತ್ರೆ ತಲುಪಿದಾಗ ಇರಲಿಲ್ಲ.

ಮಗ ಪರಪ್ಪ ಬಟ್ಟೆ ಅಂಗಡಿಯೊಂದರಲ್ಲಿ ನೌಕರ. 8.40ಕ್ಕೆ ಠಾಣೆಗೆ ಬಂದು ದೂರು ಕೊಟ್ಟ. ಅಪರಿಚಿತ ವಾಹನದ ಮೇಲೆ ಎಫ್‌ಐಆರ್ ದಾಖಲಾಯಿತು. ತನಿಖೆ ಇನ್‌ಸ್ಪೆಕ್ಟರ್ ಗುರುಬಸವ ಹಿರೇಮಠರ ಕೈಗೆ ಬಂತು. ಶವದ ಪಂಚನಾಮೆಯಲ್ಲಿ ಅವರು ಒಂದು ಸಾಲು ಬರೆಸಿದರು: ಬಲಗಿವಿಯ ಮೇಲ್ಭಾಗದಲ್ಲಿ ಮೂರು ಕೆಂಪು ಹರಳಿನ ಚಿನ್ನದ ಬುಗುಡಿ ಇದೆ, ಎಡಗಿವಿಯ ಅದೇ ಭಾಗ ಹರಿದಿದೆ, ಬುಗುಡಿ ಇಲ್ಲ.

ಸ್ಥಳದಲ್ಲಿ ಹೆಡ್‌ಲೈಟಿನ ಗಾಜಿನ ಚೂರುಗಳು ಸಿಕ್ಕವು. ಬುಗುಡಿ ಸಿಗಲಿಲ್ಲ.

ಅದಾದ ಮೂರನೆಯ ಸೋಮವಾರ ಪರಪ್ಪ ಮತ್ತೆ ಬಂದ.

"ಸಾಹೇಬ್ರ, ಗಾಡಿ ಸಿಗಲಿ ಬಿಡಲಿ, ಬುಗುಡಿ ಹುಡುಕಿ ಕೊಡ್ರಿ."

"ಆಸ್ಪತ್ರೆಯವರನ್ನ ವಿಚಾರಿಸೀವಿ. ಅಲ್ಲಿ ಹೋಗಿಲ್ಲ."

"ಅದನ್ನ ನಮ್ಮಕ್ಕಗ ಹೇಳ್ರಿ. ಹೆಣದ ಹಂತೇಕ ನಾ ಒಬ್ಬನ ಇದ್ದೆ. ಅವ್ವನ ಕಿವಿ ಹರದು ಮಾರ್ಕೊಂಡಿ ಅಂತಾಳ. ಹದಿಮೂರನೇ ದಿನಕ್ಕ ಬಂದಾಕಿ ನಮ್ಮನ್ಯಾಗ ಒಂದ ಗುಟುಕು ನೀರ ಕುಡೀಲಿಲ್ರಿ."

ಮಾನ್‌ಖುರ್ದ್‌ನಲ್ಲಿದ್ದ ಅಕ್ಕ ನಾಗವ್ವ ಆಮೇಲೆ ಅವನ ಫೋನನ್ನೂ ಎತ್ತಿರಲಿಲ್ಲ.

ಸಿಸಿಟಿವಿಯಲ್ಲಿ ಕಂಡದ್ದು ಬೂದು ಬಣ್ಣದ ಸಣ್ಣ ಕಾರು. ನಂಬರ್ ಓದಲು ಬರುವಂತಿರಲಿಲ್ಲ. ಗಾಜಿನ ಚೂರುಗಳಿಂದ ಮಾಡೆಲ್ ತಿಳಿಯಿತು. ಆರ್‌ಟಿಒ ಪಟ್ಟಿಯಲ್ಲಿ ಪೂರ್ವ ಉಪನಗರದ ಕಡೆ ಅಂಥವು ಅರವತ್ತಮೂರು. ಗುರುಬಸವ ಮತ್ತು ಕಾನ್‌ಸ್ಟೇಬಲ್ ವೈಶಾಲಿ ಜಾಧವ್ ಒಂದೊಂದಾಗಿ ನೋಡುತ್ತ ಹೋದರು.

ನಲವತ್ತೊಂದನೆಯದು ಘಾಟ್ಕೋಪರ್‌ನ ಒಂದು ಹಳೆಯ ಹೌಸಿಂಗ್ ಸೊಸೈಟಿಯಲ್ಲಿತ್ತು. ಮಂಗಳವಾರ, ಜುಲೈ 8, ಬೆಳಿಗ್ಗೆ 11.20. ಕಾಂಪೌಂಡ್ ಗೋಡೆಯ ಪಕ್ಕ, ಬಯಲಿನಲ್ಲಿ, ಕವರಿನ ಮೇಲೆ ನೀಲಿ ತಾಡಪತ್ರಿ ಹೊದ್ದು ಕಾರು ನಿಂತಿತ್ತು. ಟೈರುಗಳು ನೆಲ ಮುಟ್ಟದಂತೆ ನಾಲ್ಕೂ ಕಡೆ ಇಟ್ಟಿಗೆ ಪೇರಿಸಿ ಎತ್ತಿ ಕೂರಿಸಿದ್ದರು. ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿತ್ತು.

ಮಾಲೀಕ ರಮಾನಾಥ ಕೆಳಗಿಳಿದು ಬಂದರು. ಅರವತ್ತೊಂದು ವರ್ಷ, ಉಡುಪಿ ಕಡೆಯವರು. ಮೂವತ್ತನಾಲ್ಕು ವರ್ಷ ಕಂಪನಿಯೊಂದರಲ್ಲಿ ಡ್ರೈವರ್ ಆಗಿದ್ದವರು. ಪತ್ನಿ ತೀರಿಕೊಂಡು ಆರು ವರ್ಷ.

"ಯಾವಾಗಿನಿಂದ ನಿಂತಿದೆ?"

"ಮೇ ನಾಲ್ಕಕ್ಕೆ ನಿಲ್ಲಿಸಿದ್ದು. ಮಳೆಗಾಲ ಮುಗಿಯುವವರೆಗೆ ಊರಿಗೆ ಹೋಗುವ ಅಂತ ಇತ್ತು ಮಾರಾಯ್ರೆ. ಆಗಲಿಲ್ಲ."

"ಆಮೇಲೆ ತೆಗೆದಿಲ್ಲ?"

"ಬ್ಯಾಟರಿಯೇ ಮನೆಯಲ್ಲಿ ಉಂಟು. ತೆಗೆಯುವುದು ಹೇಗೆ?"

ಇಬ್ಬರು ಪಂಚರ ಎದುರು ತಾಡಪತ್ರಿ ಬಿಚ್ಚಿಸಿದರು. ವೈಶಾಲಿ ಮುಂದೆ ಬಗ್ಗಿ ನೋಡಿದಳು.

"ಸರ್, ಈ ಕಡೆ ಲೈಟು ನವಾ ಇದೆ. ಆ ಕಡೆದು ಪೂರಾ ಪೀಲಾ."

ಬಲಗಡೆಯ ಹೆಡ್‌ಲೈಟ್ ಹಳದಿಗಟ್ಟಿತ್ತು, ಎಡಗಡೆಯದು ಹೊಸದು. ಅದರ ಮೇಲೆ ಬಾನೆಟ್ಟಿನಲ್ಲಿ ಅಂಗೈಯಗಲದ ತಗ್ಗು.

"ಗೇಟಿನ ಕಂಬಕ್ಕೆ ತಾಗಿದ್ದು, ಏಪ್ರಿಲ್‌ನಲ್ಲಿ," ಎಂದರು ರಮಾನಾಥ, ಯಾರೂ ಕೇಳುವ ಮೊದಲೇ.

"ತಿಂಗಳುಗಟ್ಟಲೆ ನಿಲ್ಲಿಸೋ ಗಾಡಿಗೆ ಹೊಸಾ ಲೈಟ್ ಯಾಕೆ ಹಾಕಿಸಿದ್ರಿ?"

ರಮಾನಾಥ ತಾಡಪತ್ರಿಯ ಹಗ್ಗ ಸುತ್ತತೊಡಗಿದರು.

ಬಾಗಿಲು ತೆಗೆಸಿದಾಗ ಸ್ಟೀರಿಂಗ್‌ಗೆ ಒಂದು ಬಟ್ಟೆಯ ಥೈಲಿ ಕಟ್ಟಿತ್ತು. ಒಳಗೆ ಕನ್ನಡದಲ್ಲಿ ಬರೆದ ಚೀಟಿ: 'ತಾ. 23-5. ಕಿ.ಮೀ. 81,412. ಹ್ಯಾಂಡ್‌ಬ್ರೇಕ್ ಹಾಕಿಲ್ಲ. ಸೈಲೆನ್ಸರಿನ ಬಟ್ಟೆ ತೆಗೆದು ಚಾಲೂ ಮಾಡುವುದು. ಇಲಿ ಬರದಂತೆ ಬಾನೆಟ್ಟಿನಲ್ಲಿ ತಂಬಾಕಿನ ಎಲೆ ಇಟ್ಟಿದೆ. ಮುಂಗಾಜಿನ ಬುಡದ ಜಾಲಿಯಲ್ಲಿ ಸಿಕ್ಕ ದಾಗೀನ ಇದರಲ್ಲೇ ಇದೆ. ಮನೆಯೊಳಗೆ ತೆಗೆದಿಡುವುದು. — ಅಲ್ಲಾಬಕ್ಷ.'

ಥೈಲಿಯ ತಳದಲ್ಲಿ ಮಡಿಸಿದ ಕಾಗದವೊಂದಿತ್ತು. ಗುರುಬಸವ ಬಿಚ್ಚಿದರು. ಮೂರು ಕೆಂಪು ಹರಳಿನ ಬುಗುಡಿ. ತಿರುಪಿನ ಸಂದಿಯಲ್ಲಿ ಒಣಗಿದ ಕಪ್ಪು ಕಲೆ.

ಒಬ್ಬ ಪಂಚ ಚಪ್ಪಲಿ ಸರಿಪಡಿಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ.

ಮಧ್ಯಾಹ್ನ 1.15ಕ್ಕೆ ಅಲ್ಲಾಬಕ್ಷನ ಹೇಳಿಕೆ ಪಡೆದರು. ವಿಜಯಪುರದವನು, ಘಾಟ್ಕೋಪರ್ ಸ್ಟೇಷನ್ ಹತ್ತಿರ ಸಣ್ಣ ಗ್ಯಾರೇಜು. ಮಳೆಗಾಲಕ್ಕೆ ಮುಂಚೆ ಗಾಡಿ ನಿಲ್ಲಿಸಿ ಊರಿಗೆ ಹೋಗುವವರು ಅವನನ್ನೇ ಕರೆಯುತ್ತಿದ್ದರು.

"ಲೈಟ್ ನೀನೇ ಹಾಕಿದ್ದಾ?"

"ಇಲ್ರಿ ಸಾಬ್, ನಾ ಹೋಗೂ ಮೊದಲ ಹಾಕಿತ್ತ. ತಗ್ಗ ತೆಗೀಲೇನ ಅಂದೆ, ಬ್ಯಾಡ ಅಂದ್ರು."

"ಜಾಲಿ ಯಾಕೆ ಬಿಚ್ಚಿದೆ?"

"ಅದರಾಗ ಎಲಿ ಕೂಡತಾವ್ರಿ. ಮಳಿ ನೀರ ನಿಂತ್ರ ತಗಡ ಜಂಗ ಹಿಡೀತೈತಿ. ಬಯಲಾಗ ನಿಲ್ಲೂ ಗಾಡಿ, ಸ್ವಚ್ಛ ಮಾಡ್ದ ಹೆಂಗ ಬಿಡೂದು? ಕೆಲಸ ಅಂದ್ರ ಕೆಲಸ ಅಲ್ರಿ?"

"ದಾಗೀನ ಸಿಕ್ಕದ್ದನ್ನ ರಮಾನಾಥರಿಗೆ ಹೇಳಿದೆಯಾ?"

"ಚೀಟಿ, ಸಾಮಾನ ಥೈಲಿಯಾಗ ಅದಾವ ಅಂತ ಫೋನ್ ಮಾಡಿದ್ನಿ. ಇರಲಿ ಅಂದ್ರು. ಸತ್ತ ಹೆಂಡ್ತೀದಿರಬೇಕು ಅಂದ್ಕೊಂಡ್ನಿ. ಅದಕ್ಕ ಬಾಯಿ ಬಿಟ್ಟ ಕೇಳಲಿಲ್ರಿ." ಆಮೇಲೆ ಅವನೇ ಕೇಳಿದ: "ಸಾಬ್, ಅದು ಯಾರದ್ರಿ?"

ಗುರುಬಸವ ಹೇಳಿದರು. ಅಲ್ಲಾಬಕ್ಷ ಗ್ರೀಸ್ ಹತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ ಇದ್ದ.

ಸಂಜೆ 4.30. ಠಾಣೆಯಲ್ಲಿ ಚೀಟಿಯನ್ನು ರಮಾನಾಥರ ಮುಂದಿಟ್ಟರು. ಅವರು ಅದನ್ನು ಬಲಗಣ್ಣಿನ ಹತ್ತಿರ ಹಿಡಿದು, ತಲೆ ಓರೆಮಾಡಿ ಓದಿದರು.

"ಎಡಗಣ್ಣು?"

"ಹೋಗಿದೆ. ಮಾರ್ಚ್‌ನಲ್ಲಿ ಡಾಕ್ಟ್ರು ಹೇಳಿದ್ದು, ಇನ್ನು ಸ್ಟೀರಿಂಗ್ ಮುಟ್ಟಬೇಡಿ ಅಂತ."

"ಯಾರಿಗೆ ಹೇಳಿದ್ರಿ?"

"ಯಾರಿಗೂ ಇಲ್ಲ."

ಆ ದಿನ ಮೂರನೇ ಮಹಡಿಯ ದಂಪತಿಯನ್ನು ಬೆಳಗಿನ ರೈಲಿಗೆಂದು ಸಿಎಸ್‌ಎಂಟಿ ಸ್ಟೇಷನ್ನಿಗೆ ಬಿಟ್ಟು ಹಿಂತಿರುಗುತ್ತಿದ್ದರು. ಎಡಬದಿಯಿಂದ ಬಂದ ಹೆಂಗಸು ಬಾನೆಟ್ಟಿನ ಮೇಲೆ ಬೀಳುವವರೆಗೂ ಕಾಣಲಿಲ್ಲ.

"ನಿಲ್ಲಿಸಿದ್ರಾ?"

"ಇಳಿದು ನೋಡಿದೆ. ಕಣ್ಣು ಬಿಟ್ಟಿದ್ದರು. ನೀರು ಅಂದರು."

"ಇತ್ತಾ?"

"ಬಾಟಲಿ ಸೀಟಿನಲ್ಲೇ ಇತ್ತು."

"ಕೊಟ್ಟಿರಾ?"

"ಇಲ್ಲ."

ವೈಶಾಲಿ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದಳು. ಗುರುಬಸವ ಮುಂದುವರಿಸು ಎಂಬಂತೆ ಕೈ ತೋರಿಸಿದರು.

"ಕಾರು ಮಾರಬಹುದಿತ್ತಲ್ಲ?"

"ಮಾರಿದರೆ ಗಿರಾಕಿ ಬಾನೆಟ್ ಎತ್ತಿ ನೋಡ್ತಾನೆ. ಇಟ್ಟಿಗೆಯ ಮೇಲೆ ನಿಂತದ್ದನ್ನು ಯಾರೂ ನೋಡುವುದಿಲ್ಲ."

"ಥೈಲಿ ನೀವೂ ನೋಡಲಿಲ್ಲ."

"ಕವರ್ ಹಾಕಿದ ಮೇಲೆ ಆ ಗೋಡೆಯ ಕಡೆಗೇ ನಾನು ಹೋಗಲಿಲ್ಲ."

5.40ಕ್ಕೆ ಬಂಧನ ದಾಖಲಾಯಿತು. ಸಾಕ್ಷ್ಯ ಮರೆಮಾಚಿದ ಆರೋಪವನ್ನೂ ಸೇರಿಸಲಾಯಿತು. ಸೊಸೈಟಿಯವರು ಕೊಟ್ಟ ಹೇಳಿಕೆಗಳಲ್ಲಿ ಒಂದು ಮಾತು ಮತ್ತೆಮತ್ತೆ ಬಂದಿತ್ತು: ನಿವೃತ್ತಿಯ ನಂತರ ಆಸ್ಪತ್ರೆಗೆ, ಸ್ಟೇಷನ್‌ಗೆ ಯಾರನ್ನು ಕರೆದೊಯ್ಯಬೇಕಾದರೂ ರಮಾನಾಥ ಒಂದು ಸಲವೂ ಆಗುವುದಿಲ್ಲ ಎಂದವರಲ್ಲ. ಮಕ್ಕಳಿಲ್ಲದ ಆ ಮನೆಯ ಬಾಗಿಲನ್ನು ಜನ ತಟ್ಟುತ್ತಿದ್ದದ್ದು ಅದೊಂದೇ ಕೆಲಸಕ್ಕೆ. ಕಣ್ಣು ಹೋಯಿತೆಂದು ಹೇಳಿದ್ದರೆ ಅದೂ ನಿಲ್ಲುತ್ತಿತ್ತು.

ಮರುದಿನ ಪರಪ್ಪ ಬಂದು ಬುಗುಡಿಯನ್ನು ಗುರುತಿಸಿದ. ಕೇಸು ಮುಗಿಯುವವರೆಗೆ ಅದು ಜಪ್ತಿಯಾದ ಮುದ್ದೆಮಾಲಾಗಿ ಠಾಣೆಯಲ್ಲೇ ಇರಬೇಕೆಂದು ಗುರುಬಸವ ಹೇಳಿದರು.

"ಎಷ್ಟ ವರ್ಷರೀ?"

"ಹೇಳಕ್ಕಾಗಲ್ಲ."

"ಹಂಗಾರ ನಮ್ಮಕ್ಕಗ ಏನ ತೋರಿಸ್ಲಿ?"

ಗುರುಬಸವ ಜಪ್ತಿ ಪಂಚನಾಮೆಯ ಪ್ರತಿ ತೆಗೆಸಿ, ಸಹಿ ಮಾಡಿ, ಠಾಣೆಯ ಮೊಹರು ಒತ್ತಿಸಿ ಕೊಟ್ಟರು. ಪರಪ್ಪ ಅದನ್ನು ಟಿಫಿನ್ ಚೀಲದಲ್ಲಿ ಮಡಿಕೆ ಬೀಳದಂತೆ ಇಟ್ಟುಕೊಂಡು, ಜಿಟಿಬಿ ನಗರ ಸ್ಟೇಷನ್ನಿನಿಂದ ಮಾನ್‌ಖುರ್ದ್ ಕಡೆಯ ಲೋಕಲ್ ಹತ್ತಿದ.

ಮುಂದಿನ ಭಾನುವಾರ ನಾಗವ್ವ ತಮ್ಮನ ಮನೆಗೆ ಬಂದು ಊಟ ಮಾಡಿದಳು.